ಕೊನೆಯ ಸೀಸನ್‌ನಲ್ಲಿ ಮಗ ಬೆಂಚ್ ಮೇಲೆ: ಬಿಡಿಸಬೇಕೇ, ಆಡಲು ಬಿಡಬೇಕೇ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದೇವೆ. ಮಗನಿಗೆ 17 ವರ್ಷ, ಹೈಸ್ಕೂಲ್‌ನಲ್ಲಿ ಸೀನಿಯರ್, ಅಂದರೆ ಕೊನೆಯ ವರ್ಷ. ಆರನೇ ವಯಸ್ಸಿನಿಂದ ಬೇಸ್‌ಬಾಲ್ ಆಡುತ್ತಿದ್ದಾನೆ, ಚೆಂಡೆಸೆಯುವ ಪಿಚರ್. ಹೋದ ವರ್ಷ ತಂಡದ ಮುಖ್ಯ ಪಿಚರ್ ಇವನೇ ಆಗಿದ್ದ. ಈ ಸಲ ಹತ್ತನೇ ತರಗತಿಯ ಹುಡುಗನೊಬ್ಬ ಆ ಜಾಗಕ್ಕೆ ಬಂದಿದ್ದಾನೆ. ನಮ್ಮವನಿಗೆ ಎರಡು ಮೂರು ಪಂದ್ಯಕ್ಕೊಮ್ಮೆ ಕೊನೆಯ ಒಂದೆರಡು ಇನ್ನಿಂಗ್ಸ್ ಸಿಕ್ಕರೆ ಹೆಚ್ಚು. ಕಾಲೇಜಿನಲ್ಲಿ ಆಡಲು ಯಾರೂ ಕರೆದಿಲ್ಲ, ಓದಿನ ಮೇಲೆ ಯುಸಿಯಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಸೀಟು ಸಿಕ್ಕಿದೆ. ಮೇ ತಿಂಗಳಲ್ಲಿ ಕಾಲೇಜು ಮಟ್ಟದ ನಾಲ್ಕು ಎಪಿ ಪರೀಕ್ಷೆಗಳಿವೆ. "ಇನ್ನು ಇದರಿಂದ ಏನು ಪ್ರಯೋಜನ, ಬಿಟ್ಟು ಓದಲಿ" ಎನ್ನುತ್ತಾರೆ ನನ್ನ ಗಂಡ. ಮಗ ಏನೂ ಹೇಳುವುದಿಲ್ಲ, ಮಧ್ಯಾಹ್ನವಾದರೆ ಬ್ಯಾಗ್ ಹೊತ್ತು ಹೋಗುತ್ತಾನೆ. ರಾತ್ರಿ ಮೊಣಕೈಗೆ ಐಸ್ ಕಟ್ಟಿಕೊಂಡು ಕೂರುತ್ತಾನೆ, ಕೇಳಿದರೆ "ಏನಿಲ್ಲ ಅಮ್ಮ" ಅಂತಾನೆ. ನಾವು ಕೋಚ್ ಹತ್ತಿರ ಮಾತಾಡಬೇಕಾ? ಆಟ ಬಿಡಿಸಬೇಕಾ? ಇನ್ನೊಂದು: ಸೀನಿಯರ್ ಡೇ ಅಂತ ಇದೆಯಂತೆ. ಶಿವಮೊಗ್ಗದಿಂದ ನಮ್ಮ ಅತ್ತೆಯವರೂ ಆ ಹೊತ್ತಿಗೆ ಬಂದಿರುತ್ತಾರೆ. ಅವತ್ತು ನಾವೇನು ಮಾಡಬೇಕು?

ಉತ್ತರ: ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಮಾತನ್ನು ನಾನು ಮೊದಲು ಹಿಡಿದುಕೊಳ್ಳುತ್ತೇನೆ. ಐಸ್. ಕೋಚ್, ಎಪಿ, ಸೀನಿಯರ್ ಡೇ ಎಲ್ಲವೂ ಒಂದು ವಾರ ಕಾಯುತ್ತವೆ, ಮೊಣಕೈ ಕಾಯುವುದಿಲ್ಲ.

ಇವತ್ತು ಊಟವಾದ ಮೇಲೆ ಅವನನ್ನು ಕೂರಿಸಿಕೊಂಡು ಕೇಳಿ. "ನೋಯುತ್ತಾ?" ಎಂದು ಕೇಳಬೇಡಿ. ಹದಿನೇಳರ ಹುಡುಗ, ಅದೂ ಜಾಗ ಕಳೆದುಕೊಂಡು ಒಳಗೇ ಕುದಿಯುತ್ತಿರುವ ಹುಡುಗ, ಆ ಪ್ರಶ್ನೆಗೆ ಇಲ್ಲ ಎಂದೇ ಹೇಳುತ್ತಾನೆ. "ಎಲ್ಲಿ ನೋಯುತ್ತೆ, ಬೆರಳಿಟ್ಟು ತೋರಿಸು" ಎನ್ನಿ. ಅಂಗೈಯಿಂದ ತೋಳನ್ನೋ ಭುಜದ ಹಿಂಭಾಗವನ್ನೋ ಅಗಲವಾಗಿ ಸವರಿ ತೋರಿಸಿದರೆ ಬಹುಪಾಲು ಅದು ಎಸೆತದ ಮರುದಿನದ ಮೈಕೈ ನೋವು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಮೊಣಕೈಯ ಒಳಬದಿಯಲ್ಲಿ, ಪಕ್ಕೆಗೆ ತಾಗುವ ಕಡೆ ಎದ್ದು ಕಾಣುವ ಮೂಳೆಯ ಹತ್ತಿರ, ಒಂದೇ ಬೆರಳಿನಿಂದ ಒಂದೇ ಜಾಗ ಒತ್ತಿ ತೋರಿಸಿದರೆ ಅದು ಬೇರೆ ವಿಷಯ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತದೆ ಎಂದರಂತೂ ತಡಮಾಡಲೇಬಾರದು. ಮರುದಿನವೇ ಶಾಲೆಯ ಅಥ್ಲೆಟಿಕ್ ಟ್ರೈನರ್‌ಗೆ ತಿಳಿಸಿ, ಸ್ಪೋರ್ಟ್ಸ್ ಮೆಡಿಸಿನ್ ವೈದ್ಯರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಅವರು ನೋಡಿ ಸರಿ ಎನ್ನುವ ತನಕ ಒಂದು ಎಸೆತವೂ ಬೇಡ. ಐಸ್ ನೋವನ್ನು ಮರೆಸುತ್ತದೆ, ಒಳಗೆ ಹರಿದಿರುವುದನ್ನು ಹೊಲಿಯುವುದಿಲ್ಲ.

ಕ್ರಿಕೆಟ್ ನೋಡಿ ಬೆಳೆದ ನಮ್ಮಂಥವರಿಗೆ ಮೊಣಕೈಯ ಈ ಭಯ ಸ್ವಲ್ಪ ಅಪರಿಚಿತ. ಬೌಲರ್ ತೋಳನ್ನು ನೇರವಾಗಿ ಸುತ್ತಿಸುತ್ತಾನೆ, ಅವನ ಭಾರವೆಲ್ಲ ಸೊಂಟ, ಬೆನ್ನು, ಭುಜಕ್ಕೆ ಹೋಗುತ್ತದೆ. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ಭುಜಕ್ಕೆ. ಪಿಚರ್‌ನದು ಮಡಚಿದ ಮೊಣಕೈ. ಕಾಲು ನೆಲಕ್ಕೆ ಬಿದ್ದು, ಸೊಂಟ ತಿರುಗಿ, ಎದೆ ಮುಂದೆ ಬಂದಾಗಲೂ ಮುಂಗೈ ಇನ್ನೂ ಹಿಂದೆಯೇ ಮಲಗಿರುತ್ತದೆ. ಆಮೇಲೆ ಚಾಟಿಯ ತುದಿಯ ಹಾಗೆ ಮುಂದಕ್ಕೆ ಹಾರುತ್ತದೆ. ಆ ಕ್ಷಣದಲ್ಲಿ ಮೊಣಕೈಯ ಒಳಬದಿಯನ್ನು ಬಿಚ್ಚಿಕೊಳ್ಳದಂತೆ ಹಿಡಿದಿಡುವುದು ಒಂದು ಸಣ್ಣ ಅಸ್ಥಿಬಂಧ. ಹನ್ನೆರಡು ಹದಿಮೂರರ ಮಕ್ಕಳಲ್ಲಿ ಅಲ್ಲಿನ ಮೂಳೆಯ ಬೆಳೆಯುವ ತುದಿ ಮೊದಲು ನೋಯುತ್ತದೆ. ನಿಮ್ಮ ಮಗನ ವಯಸ್ಸಿಗೆ ಆ ಮೂಳೆ ಸಾಮಾನ್ಯವಾಗಿ ಕೂಡಿಕೊಂಡಿರುತ್ತದೆ, ಹಾಗಾಗಿ ಎಳೆತವೆಲ್ಲ ಅಸ್ಥಿಬಂಧದ ಮೇಲೇ ಬೀಳುತ್ತದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಡಾಡ್ಜರ್ಸ್ ತಂಡದ ಪಿಚರ್ ಟಾಮಿ ಜಾನ್‌ಗೆ ಮಾಡಿದ ಶಸ್ತ್ರಚಿಕಿತ್ಸೆ ಇದೇ ಅಸ್ಥಿಬಂಧದ್ದು, ಇವತ್ತಿಗೂ ಅದಕ್ಕೆ ಆ ಆಟಗಾರನ ಹೆಸರೇ. ಅದಾದ ಮೇಲೆ ಮತ್ತೆ ಪಂದ್ಯದಲ್ಲಿ ಎಸೆಯಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಕಾಲೇಜಿನಲ್ಲಿ ಆಡದವನಿಗೂ ಆ ಕೈ ಬೇಕಲ್ಲವೇ? ನಲವತ್ತನೇ ವಯಸ್ಸಿನಲ್ಲಿ ತನ್ನ ಮಗುವಿಗೆ ಚೆಂಡೆಸೆದು ಆಡಿಸುವುದಕ್ಕಾದರೂ ಬೇಕು.

"ಎಸೆತ ಎಣಿಸುತ್ತಾರಲ್ಲ" ಎಂದು ನೀವು ಕೇಳಬಹುದು. ಎಣಿಸುತ್ತಾರೆ. 2017ರಿಂದ ಅಮೆರಿಕದ ಹೈಸ್ಕೂಲ್ ಬೇಸ್‌ಬಾಲ್‌ನಲ್ಲಿ ಪ್ರತಿ ರಾಜ್ಯವೂ ಎಸೆತಗಳ ಮಿತಿ ಹಾಕಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 110. ವೃತ್ತಿಪರ ಬೇಸ್‌ಬಾಲ್‌ನ ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿರುವ ಪಿಚ್ ಸ್ಮಾರ್ಟ್ ಸಲಹೆ ಇನ್ನೂ ಬಿಗಿ: 17-18ರ ವಯಸ್ಸಿಗೆ 105, ಮತ್ತು 81 ಮುಟ್ಟಿದರೆ ನಾಲ್ಕು ದಿನ ಬಿಡುವು. ಆದರೆ ಈ ಎಣಿಕೆಯಲ್ಲಿ ಬರುವುದು ಪಂದ್ಯದಲ್ಲಿ ಬ್ಯಾಟರ್‌ಗೆ ಎಸೆದವು ಮಾತ್ರ. ನಿಮ್ಮ ಮಗನಂಥ ರಿಲೀಫ್ ಪಿಚರ್, ಅಂದರೆ ಪಂದ್ಯದ ನಡುವೆ ಬದಲಿಯಾಗಿ ಬರುವವನು, ನಾಲ್ಕನೇ ಇನ್ನಿಂಗ್ಸ್‌ನಲ್ಲೊಮ್ಮೆ ಎದ್ದು ಪಿಚರ್‌ಗಳು ಅಭ್ಯಾಸಕ್ಕೆ ಎಸೆಯುವ ಬುಲ್‌ಪೆನ್‌ನಲ್ಲಿ ಕೈ ಬಿಸಿ ಮಾಡಿಕೊಳ್ಳುತ್ತಾನೆ, ಕರೆಯುವುದಿಲ್ಲ. ಆರನೆಯದರಲ್ಲಿ ಮತ್ತೆ ಎದ್ದು ಎಸೆಯುತ್ತಾನೆ, ಕರೆಯುವುದಿಲ್ಲ. ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸೊನ್ನೆ, ಕೈಯಲ್ಲಿ ಐವತ್ತು ಅರವತ್ತು ಎಸೆತ. ಅದರ ಮೇಲೆ ಭಾನುವಾರ ಖಾಸಗಿ ಪಿಚಿಂಗ್ ಪಾಠಕ್ಕೂ ಹೋಗುತ್ತಿದ್ದರೆ ಅದನ್ನಂತೂ ಯಾರೂ ಬರೆದಿಡುವುದಿಲ್ಲ. ಒಂದು ಕೆಲಸ ಮಾಡಿ. ಎರಡು ವಾರ ಬುಲ್‌ಪೆನ್ ಎಸೆತಗಳನ್ನೂ ಸೇರಿಸಿ ಅವನೇ ಫೋನಿನಲ್ಲಿ ಬರೆದಿಟ್ಟುಕೊಳ್ಳಲಿ. ಆ ಪಟ್ಟಿ ಹಿಡಿದು ಮಾತಾಡಿದರೆ ಯಾವ ಕೋಚ್ ಕೂಡ ಕೇಳುತ್ತಾರೆ.

ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಕಾರಣವಿದೆ. ದಾವಣಗೆರೆಯಲ್ಲಿ ಮಧ್ಯಮ ವೇಗಿಯಾಗಿ ಕ್ರಿಕೆಟ್ ಆಡಿಕೊಂಡಿದ್ದವನು ನಾನು, ಇಲ್ಲಿಗೆ ಬಂದ ಮೇಲೆ ಮಕ್ಕಳ ನೆಪದಲ್ಲಿ ಬೇಸ್‌ಬಾಲ್‌ಗೆ ಬಿದ್ದು, 2009ರಿಂದ ಹೈಸ್ಕೂಲ್ ತಂಡಗಳಲ್ಲಿ ಪಿಚರ್‌ಗಳನ್ನು ತಯಾರು ಮಾಡುತ್ತಿದ್ದೇನೆ. ಶುರುವಿನ ವರ್ಷಗಳಲ್ಲಿ ಒಬ್ಬ ಸೀನಿಯರ್ ಹುಡುಗನ ಎಸೆತಗಳು ಇದ್ದಕ್ಕಿದ್ದಂತೆ ಮೇಲಕ್ಕೆ, ತೋಳಿನ ಕಡೆಗೆ ಹಾರತೊಡಗಿದವು. "ಮೈ ಪೂರ್ತಿ ಬಗ್ಗಿಸಿ ಮುಗಿಸು" ಎಂದು ಎರಡು ವಾರ ಅವನಿಗೆ ಹೇಳುತ್ತಲೇ ಇದ್ದೆ. ಅವನು ಮಾತಾಡದೆ ತಲೆಯಾಡಿಸುತ್ತಿದ್ದ. ಒಂದು ದಿನ ಗ್ಲೌಸ್ ತೆಗೆದು, ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಎಡಗೈ ಬಳಸಿದ. ಬಲಗೈ ಹುಡುಗ. ಆಗ ನನಗೆ ಅರ್ಥವಾಯಿತು, ಅಷ್ಟರಲ್ಲಿ ತಡವಾಗಿತ್ತು. ಅವನ ಕೊನೆಯ ಸೀಸನ್ ಆಸ್ಪತ್ರೆಯಲ್ಲಿ ಮುಗಿಯಿತು. ಅವತ್ತಿನಿಂದ ನಾನು ಹುಡುಗರ ಎಸೆತಕ್ಕಿಂತ ಮೊದಲು ಅವರು ಬಾಟಲಿ ತೆಗೆಯುವುದನ್ನು, ಬ್ಯಾಗ್ ಎತ್ತುವುದನ್ನು ನೋಡುತ್ತೇನೆ. ನೀವೂ ನೋಡಿ. ತಟ್ಟೆಯ ಮುಂದೆ ಕೂತಾಗ, ಕಾರಿನ ಬಾಗಿಲು ಎಳೆಯುವಾಗ.

ವೈದ್ಯರು ಪರವಾಗಿಲ್ಲ ಎಂದರು ಎಂದಿಟ್ಟುಕೊಂಡು ಮುಂದಕ್ಕೆ ಹೋಗುತ್ತೇನೆ.

ಕೋಚ್ ಹತ್ತಿರ ನೀವು ಹೋಗಬೇಡಿ. ಮೊಣಕೈ ವಿಷಯಕ್ಕಾದರೆ ಧಾರಾಳವಾಗಿ ಹೋಗಿ, ಫೋನ್ ಮಾಡಿ, ಇಮೇಲ್ ಬರೆಯಿರಿ, ಅದು ಪೋಷಕರ ಹಕ್ಕು. "ನನ್ನ ಮಗನಿಗೆ ಯಾಕೆ ಇನ್ನಿಂಗ್ಸ್ ಕೊಡುತ್ತಿಲ್ಲ" ಎಂಬುದಕ್ಕೆ ಬೇಡ. ಸೀಸನ್ ಆರಂಭದ ಪೋಷಕರ ಸಭೆಯಲ್ಲಿ, ಯಾರು ಎಷ್ಟು ಆಡುತ್ತಾರೆ ಎಂಬುದನ್ನೂ ಬೇರೆ ಹುಡುಗರ ವಿಷಯವನ್ನೂ ಪೋಷಕರ ಜೊತೆ ಚರ್ಚಿಸುವುದಿಲ್ಲ ಎಂದು ಹೆಚ್ಚಿನ ಕೋಚ್‌ಗಳು ಮೊದಲೇ ಹೇಳಿಬಿಡುತ್ತಾರೆ. ನಮ್ಮ ಕಡೆ ಮೇಷ್ಟ್ರನ್ನು ಕಂಡು ಮಾತಾಡುವುದು ತಂದೆತಾಯಿಯ ಕರ್ತವ್ಯವೇ ಆಗಿರುವುದರಿಂದ ಈ ನಿಯಮ ನಮಗೆ ಒರಟಾಗಿ ಕೇಳಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಇನ್ನು ನಾಲ್ಕು ತಿಂಗಳಲ್ಲಿ ಅವನು ಹಾಸ್ಟೆಲ್ ರೂಮಿನಲ್ಲಿ ಒಬ್ಬನೇ ಇರುತ್ತಾನೆ, ಪ್ರೊಫೆಸರ್ ಹತ್ತಿರ ಅವನೇ ಹೋಗಿ ಕೇಳಬೇಕು. ಈ ಒಂದು ಮಾತು ಅವನೇ ಆಡಲಿ.

ಹೇಗೆ ಆಡಬೇಕು ಎಂಬುದನ್ನು ಮಾತ್ರ ನೀವು ಹೇಳಿಕೊಡಬಹುದು. ಪಂದ್ಯ ಮುಗಿದ ತಕ್ಷಣ ಬೇಡ, ಎಲ್ಲರ ಮೈ ಬಿಸಿಯಾಗಿರುತ್ತದೆ. ಅಭ್ಯಾಸ ಶುರುವಾಗುವ ಇಪ್ಪತ್ತು ನಿಮಿಷ ಮೊದಲು ಹೋಗಲಿ. "ನನ್ನನ್ನು ಯಾಕೆ ಆಡಿಸುತ್ತಿಲ್ಲ" ಎಂದರೆ ಕೋಚ್ ಸಮರ್ಥನೆಗೆ ನಿಲ್ಲುತ್ತಾರೆ. "ಆರನೇ ಇನ್ನಿಂಗ್ಸ್‌ನಲ್ಲಿ ಎರಡು ಓಟಗಾರರಿರುವಾಗ ನೀವು ನನ್ನನ್ನು ಕರೆಯಬೇಕಾದರೆ ನಾನು ಯಾವ ಬಗೆಯ ಎಸೆತ ಸರಿ ಮಾಡಿಕೊಳ್ಳಬೇಕು?" ಎಂದು ಕೇಳಿದರೆ ಕೋಚ್ ಮುಖ ಬದಲಾಗುತ್ತದೆ. ಇದು ನಯವಿನಯದ ಉಪಾಯವೆಂದುಕೊಳ್ಳಬೇಡಿ. ನಿಜವಾಗಿ ಆ ಜಾಗ ಖಾಲಿ ಇದೆ. ಲೆಕ್ಕ ಹಾಕಿ ನೋಡಿ: ಮಂಗಳವಾರ ಆ ಚಿಕ್ಕ ಹುಡುಗ 90 ಎಸೆತ ಎಸೆದ ಎನ್ನೋಣ. ಕ್ಯಾಲಿಫೋರ್ನಿಯಾದಲ್ಲಿ 76 ಅಥವಾ ಅದಕ್ಕೆ ಮೇಲಾದರೆ ಮೂರು ದಿನ ಬಿಡುವು. ಅಲ್ಲಿಗೆ ಶುಕ್ರವಾರದ ಪಂದ್ಯಕ್ಕೆ ಅವನಿಲ್ಲ. ಯಾವ ತಂಡವೂ ಒಂದೇ ಕೈಯಲ್ಲಿ ಮೇ ತಿಂಗಳು ಮುಟ್ಟುವುದಿಲ್ಲ.

ರಿಲೀಫ್ ಕೆಲಸ ಕೀಳು ಎಂದು ಅವನಿಗೆ ಅನ್ನಿಸಿದ್ದರೆ ಅದಕ್ಕೂ ಒಂದು ಮಾತು. ಹೈಸ್ಕೂಲ್ ಪಂದ್ಯ ಏಳೇ ಇನ್ನಿಂಗ್ಸ್. ಆರನೆಯದರಲ್ಲಿ, ಒಬ್ಬ ಔಟ್, ಬೇಸ್‌ಗಳಲ್ಲಿ ಇಬ್ಬರು, ಒಂದೇ ರನ್ ಮುನ್ನಡೆ ಇರುವಾಗ ಪಿಚರ್ ನಿಂತೆಸೆಯುವ ಮಣ್ಣಿನ ದಿಬ್ಬ, ಮೌಂಡ್, ಹತ್ತಿ ಬರುವವನಿಗೆ ತಪ್ಪಿಗೆ ಜಾಗವೇ ಇರುವುದಿಲ್ಲ. ಮೊದಲ ಇನ್ನಿಂಗ್ಸ್‌ನಲ್ಲಿ ಎಡವಿದ ಪಿಚರ್‌ಗೆ ಸುಧಾರಿಸಿಕೊಳ್ಳಲು ಇನ್ನೂ ಆರು ಇರುತ್ತವೆ. ಇನ್ನೊಂದು ಸೂಕ್ಷ್ಮ ಇದೆ. ಆ ಬೇಸ್‌ಗಳಲ್ಲಿ ನಿಂತ ಇಬ್ಬರು ಬ್ಯಾಟರ್ ನಿಲ್ಲುವ ಜಾಗವಾದ ಹೋಮ್ ಪ್ಲೇಟ್ ಮುಟ್ಟಿದರೆ ಆ ರನ್‌ಗಳು ಸೇರುವುದು ಹಿಂದಿನ ಪಿಚರ್‌ನ ಲೆಕ್ಕಕ್ಕೆ. ಅಂದರೆ ನಿಮ್ಮ ಮಗ ಅಲ್ಲಿ ಕಾಪಾಡುವುದು ತನ್ನ ಜಾಗಕ್ಕೆ ಬಂದ ಆ ಹತ್ತನೇ ತರಗತಿಯ ಹುಡುಗನ ಹೆಸರನ್ನು. ನಾನು ನೋಡಿದ ಹಾಗೆ ಒಬ್ಬ ಸೀನಿಯರ್ ಮೇಲೆ ಕೋಚ್ ಇಡಬಹುದಾದ ಅತಿ ದೊಡ್ಡ ನಂಬಿಕೆ ಅದು.

ಈಗ ನಿಮ್ಮ ಯಜಮಾನರ ಪ್ರಶ್ನೆ: ಇದರಿಂದ ಏನು ಪ್ರಯೋಜನ? ಪ್ರಾಮಾಣಿಕ ಪ್ರಶ್ನೆ, ಪ್ರಾಮಾಣಿಕವಾಗಿ ಉತ್ತರಿಸುತ್ತೇನೆ. ಅವರು ಕೇಳುವ ಅರ್ಥದಲ್ಲಿ ಏನೂ ಇಲ್ಲ. ಹೈಸ್ಕೂಲ್‌ನಲ್ಲಿ ಬೇಸ್‌ಬಾಲ್ ಆಡುವ 100 ಹುಡುಗರಲ್ಲಿ ಎನ್‌ಸಿಎಎ (ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ) ಕಾಲೇಜು ತಂಡ ಸೇರುವವರು ಸುಮಾರು ಏಳು ಜನ, ಮೇಲಿನ ದರ್ಜೆಯಾದ ಡಿವಿಷನ್ 1ಕ್ಕೆ ಹೋಗುವವರು ಸುಮಾರು ಇಬ್ಬರು. ಭಾರತೀಯ ಮೂಲದವರಲ್ಲಿ ದಾಟಿ ಹೋದವರಿದ್ದಾರೆ. ತಾಯಿಯ ಕಡೆಯಿಂದ ಭಾರತದ ಕುಮಾರ್ ರಾಕರ್ ವೃತ್ತಿಪರ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2022ರಲ್ಲಿ ಮೂರನೆಯವನಾಗಿ ಟೆಕ್ಸಸ್ ರೇಂಜರ್ಸ್ ಸೇರಿ 2024ರಲ್ಲಿ ಮೇಜರ್ ಲೀಗ್‌ನಲ್ಲಿ ಎಸೆದ. ಭಾರತದಿಂದ ವಲಸೆ ಬಂದ ದಂಪತಿಯ ಮಗ ಅರ್ಜುನ್ ನಿಮ್ಮಲನನ್ನು 2023ರಲ್ಲಿ ಟೊರಾಂಟೊ ಬ್ಲೂ ಜೇಸ್ ಫ್ಲೋರಿಡಾದ ಹೈಸ್ಕೂಲ್‌ನಿಂದ ನೇರವಾಗಿ, 20ನೆಯವನಾಗಿ ಆರಿಸಿಕೊಂಡಿತು. ಅವರ ಹೆಸರು ಕೇಳಿದರೆ ನನಗೆ ಹೆಮ್ಮೆ. ಆದರೆ ನಿಮ್ಮ ಮಗನ ವಿಷಯದಲ್ಲಿ ಅವರನ್ನು ಎತ್ತುವುದು ಅವನಿಗೆ ಅನ್ಯಾಯ. ಸೀನಿಯರ್ ವರ್ಷದ ಏಪ್ರಿಲ್ ಹೊತ್ತಿಗೆ ಕಾಲೇಜುಗಳ ಆಯ್ಕೆ ಬಹುತೇಕ ಮುಗಿದಿರುತ್ತದೆ. ಅದು ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಗೊತ್ತಿದ್ದೂ ಅವನು ಹೋಗುತ್ತಿದ್ದಾನೆ. ಮಗ ಏನೂ ಹೇಳುವುದಿಲ್ಲ ಎಂದು ಬರೆದಿದ್ದೀರಿ. ಮಧ್ಯಾಹ್ನ ಬ್ಯಾಗ್ ಹೊತ್ತು ಹೋಗುವುದೇ ಅವನು ಹೇಳುತ್ತಿರುವುದು. ಹನ್ನೊಂದು ವರ್ಷ ಆಟದ ಹಿಂದೆ ಯಾವುದೋ ಒಂದು ಆಸೆ ಇತ್ತು, ಆಲ್-ಸ್ಟಾರ್ ತಂಡ, ಶಾಲೆಯ ಮುಖ್ಯ ತಂಡವಾದ ವಾರ್ಸಿಟಿ, ಕಾಲೇಜು. ಈಗ ಆ ಆಸೆಗಳೆಲ್ಲ ಉದುರಿವೆ, ಮುಂದೆ ಏನೂ ಇಲ್ಲ, ಆದರೂ ಮೂರೂವರೆಗೆ ಮೈದಾನದಲ್ಲಿರಬೇಕು ಎನ್ನಿಸುತ್ತಿದೆ. ಈ ಎಂಟು ಹತ್ತು ವಾರ ಅವನು ಆಡುತ್ತಿರುವುದು ಆಟಕ್ಕಾಗಿ, ಜೊತೆಗೆ ಬೆಳೆದ ಹುಡುಗರಿಗಾಗಿ. ದಯವಿಟ್ಟು ಇದನ್ನು ಮುಗಿಸಲು ಬಿಡಿ. ಅವನಾಗಿಯೇ ಬಂದು "ಸಾಕು" ಎಂದರೆ ಮಾತು ಬೇರೆ, ಆಗ ಅದನ್ನೂ ಗೌರವಿಸಿ.

ಮುಗಿಸಲು ಆಗದೇ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ನಮ್ಮ ಹುಡುಗರು ಬೆರಳೆಣಿಕೆಯಷ್ಟು ಪಂದ್ಯ ಆಡಿದ್ದರು. ಒಂದು ಗುರುವಾರ ಅಭ್ಯಾಸ ಮುಗಿಸಿ ಮನೆಗೆ ಹೋದರು, ಮತ್ತೆ ಬರಲಿಲ್ಲ. ಏಪ್ರಿಲ್ ಹೊತ್ತಿಗೆ ಇಡೀ ಸೀಸನ್ ರದ್ದಾಯಿತು. ಆ ತಿಂಗಳು ದೇಶದ ಎಷ್ಟೋ ಶಾಲೆಗಳಲ್ಲಿ ಸೀನಿಯರ್‌ಗಳ ನೆನಪಿಗೆ ರಾತ್ರಿ 8 ಗಂಟೆ 20 ನಿಮಿಷಕ್ಕೆ, ಅಂದರೆ 20:20ಕ್ಕೆ, ಖಾಲಿ ಮೈದಾನದ ದೀಪಗಳನ್ನು ಹಚ್ಚಿದರು. ನಾನೂ ಒಂದು ಮೈದಾನದ ಬೇಲಿಯ ಹೊರಗೆ ಕಾರಿನಲ್ಲಿ ಕೂತು ನೋಡಿದೆ. ಮುಂದಿನ ಕಾರಿನಲ್ಲಿ ನಮ್ಮ ಕ್ಯಾಚರ್ ಹುಡುಗ, ಡ್ರೈವರ್ ಸೀಟಿನಲ್ಲಿ ಅವನ ತಾಯಿ. ಅವನು ಮಡಿಲಲ್ಲಿ ಗ್ಲೌಸ್ ಇಟ್ಟುಕೊಂಡಿದ್ದ. ಆ ವರ್ಷದ ಹುಡುಗರು ಈಗಲೂ ಕಂಡಾಗ ಕೇಳುವುದು ಒಂದೇ, ನಾವು ಆಡಿದ್ದರೆ ಲೀಗ್ ಗೆಲ್ಲುತ್ತಿದ್ದೆವಾ ಕೋಚ್? ಸೋತಿದ್ದರೂ ಅವರಿಗೆ ಸಮಾಧಾನವಿರುತ್ತಿತ್ತು. ಗೊತ್ತೇ ಆಗದೆ ಹೋದದ್ದು ಹಾಗೇ ಉಳಿದಿದೆ.

ಎಪಿ ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಕ್ಯಾಲೆಂಡರ್‌ನ ಸಮಸ್ಯೆ. ಪರೀಕ್ಷೆಗಳು ಮೇ ಮೊದಲ ಎರಡು ವಾರ, ಲೀಗ್‌ನ ಕೊನೆಯ ಪಂದ್ಯಗಳೂ ಅದೇ ಆಸುಪಾಸಿನಲ್ಲಿ, ಪ್ಲೇಆಫ್ ಅದಾದ ಮೇಲೆ. ಪರೀಕ್ಷೆಯ ದಿನವೇ ಪಂದ್ಯ ಬಿದ್ದರೆ ತಡವಾಗಿ ಬರೆಯುವ ವ್ಯವಸ್ಥೆ ಇದೆ, ಶಾಲೆಯ ಎಪಿ ಸಂಯೋಜಕರನ್ನು ಈಗಲೇ ಕೇಳಿಸಿ. ಯುಸಿ ಕೊಟ್ಟಿರುವ ಪ್ರವೇಶ ಷರತ್ತಿಗೆ ಒಳಪಟ್ಟದ್ದು, ಕೊನೆಯ ಸೆಮಿಸ್ಟರ್‌ನ ಗ್ರೇಡ್‌ಗಳು ಬೀಳುವಂತಿಲ್ಲ. ಇದನ್ನು ನಿಮ್ಮ ಯಜಮಾನರು ಗಟ್ಟಿಯಾಗಿ ಹೇಳಲಿ, ಅದು ಅವರು ಕಾಳಜಿಯಿಂದ ಆಡುವ ಸರಿಯಾದ ಮಾತು. ಆಡುವುದಕ್ಕೇ 2.0 ಜಿಪಿಎ (ಸರಾಸರಿ ಗ್ರೇಡ್) ಬೇಕು ಎನ್ನುವ ನಿಯಮ ರಾಜ್ಯದಲ್ಲಿದೆ, ಆದರೆ ನಿಮ್ಮ ಮಗನಂಥವನಿಗೆ ಅದು ಮುಟ್ಟುವ ಮಾತೇ ಅಲ್ಲ. ಹೊರ ಊರಿನ ಪಂದ್ಯಗಳಿಗೆ ಬಸ್ಸಿನಲ್ಲಿ ಹೋಗಿ ಬರುವ ಸಮಯವನ್ನು ಲೆಕ್ಕ ಹಾಕಿಕೊಂಡು ಅವನೇ ಒಂದು ವೇಳಾಪಟ್ಟಿ ಮಾಡಿ ತಂದೆಗೆ ತೋರಿಸಲಿ. ನಮ್ಮ ತಂಡದಲ್ಲಿ ಬಸ್ಸಿನ ಕೊನೆಯ ಸೀಟುಗಳಲ್ಲಿ ಹೆಡ್‌ಲ್ಯಾಂಪ್ ಹಾಕಿಕೊಂಡು ಕ್ಯಾಲ್ಕುಲಸ್ ಮಾಡಿದ ಹುಡುಗರಿದ್ದಾರೆ.

ಸೀನಿಯರ್ ಡೇ ನನಗೆ ಬಹಳ ಇಷ್ಟದ ದಿನ, ಅದನ್ನು ಬಿಡಿಸಿ ಹೇಳುತ್ತೇನೆ.

ತವರು ಮೈದಾನದ ಕೊನೆಯ ಪಂದ್ಯ, ಅಥವಾ ಅದರ ಹಿಂದಿನದು. ಹನ್ನೊಂದನೇ ತರಗತಿಯ ಹುಡುಗರ ಪೋಷಕರು ಬೆಳಿಗ್ಗೆಯೇ ಬಂದು ಬೇಲಿಗೆ ಒಬ್ಬೊಬ್ಬ ಸೀನಿಯರ್‌ನ ದೊಡ್ಡ ಫೋಟೋ ಕಟ್ಟುತ್ತಾರೆ. ಪಂದ್ಯಕ್ಕೆ ಮೊದಲು ಎಲ್ಲ ಸೀನಿಯರ್‌ಗಳೂ ತಂದೆತಾಯಿಯ ಜೊತೆ ಗೆರೆಯುದ್ದಕ್ಕೂ ಸಾಲಾಗಿ ನಿಲ್ಲುತ್ತಾರೆ. ಮೈಕ್‌ನಲ್ಲಿ ಹೆಸರು ಕೂಗಿದಾಗ ಹುಡುಗ ನಡುವೆ, ನೀವಿಬ್ಬರು ಎರಡು ಪಕ್ಕ, ಹೋಮ್ ಪ್ಲೇಟ್ ತನಕ ನಡೆಯಬೇಕು. ಅವನು ತಾಯಿಗೆ ಹೂಗುಚ್ಛ ಕೊಡುತ್ತಾನೆ. ಆ ಹೊತ್ತಿಗೆ ಅವನೇ ಬರೆದುಕೊಟ್ಟ ಒಂದು ಚೀಟಿಯನ್ನು ಓದುತ್ತಾರೆ: ಎಲ್ಲಿಗೆ ಓದಲು ಹೋಗುತ್ತಾನೆ, ಯಾವ ಪಂದ್ಯ ಮರೆಯುವುದಿಲ್ಲ, ಯಾರಿಗೆ ಕೃತಜ್ಞ. ಮನೆಯಲ್ಲಿ ಬಾಯಿ ಬಿಡದ ಹುಡುಗರು ಆ ಚೀಟಿಯಲ್ಲಿ ಬರೆದಿರುತ್ತಾರೆ, ಬೆಳಿಗ್ಗೆ ಐದಕ್ಕೆ ಎದ್ದು ಟೂರ್ನಮೆಂಟ್‌ಗೆ ಕರೆದುಕೊಂಡು ಹೋದ ಅಪ್ಪನ ಬಗ್ಗೆ, ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಟ್ಟ ಅಮ್ಮನ ಬಗ್ಗೆ. ಹಾಗಾಗಿ ಯಜಮಾನರು ಅವತ್ತು ಮೀಟಿಂಗ್ ಇದೆ ಎನ್ನಬಾರದು. ನಾಲ್ಕು ಗಂಟೆಗೆ ಪಂದ್ಯವೆಂದರೆ ಮೂರೂಕಾಲಿಗೆ ಇಬ್ಬರೂ ಅಲ್ಲಿರಬೇಕು. ಅಜ್ಜಿಯೂ ಜೊತೆಗೆ ನಡೆಯಬಹುದೇ ಎಂದು ಮೊದಲೇ ಕೇಳಿಸಿಡಿ, ಯಾವ ಕೋಚ್ ಕೂಡ ಬೇಡವೆಂದದ್ದನ್ನು ನಾನು ಕಂಡಿಲ್ಲ.

ಒಂದು ನಿಯಮ ತಿಳಿದಿರಲಿ, ಇಲ್ಲವಾದರೆ ಅವತ್ತು ಮನಸ್ಸು ನೋಯುತ್ತದೆ. ಸೀನಿಯರ್ ಡೇ ದಿನ ಎಷ್ಟೋ ಕೋಚ್‌ಗಳು ಎಲ್ಲ ಸೀನಿಯರ್‌ಗಳನ್ನೂ ಮೊದಲ ಹನ್ನೊಂದರಲ್ಲಿ, ಕ್ಷಮಿಸಿ, ಕ್ರಿಕೆಟ್ ನಾಲಿಗೆ, ಮೊದಲ ಒಂಬತ್ತರಲ್ಲಿ ಇಳಿಸುತ್ತಾರೆ. ಒಂದು ಇನ್ನಿಂಗ್ಸ್ ಆದ ಮೇಲೆ ಕೆಲವರನ್ನು ಹೊರಗೆ ಕರೆಯುತ್ತಾರೆ. ಹೈಸ್ಕೂಲ್ ನಿಯಮದಲ್ಲಿ ಆರಂಭದಿಂದ ಆಡಿದವನು ಹೊರಗೆ ಹೋದ ಮೇಲೂ ಒಂದು ಸಲ ತನ್ನದೇ ಬ್ಯಾಟಿಂಗ್ ಸರದಿಗೆ ಮರಳಿ ಬರಬಹುದು, ಅದಕ್ಕೇ ಹೀಗೆ ಮಾಡಲು ಸಾಧ್ಯ. ಹೊರಗೆ ಕರೆದರೆ ಅವಮಾನವೆಂದು ತಿಳಿಯಬೇಡಿ. ಆ ಕ್ಷಣ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಾರೆ, ನೀವೂ ಎದ್ದು ನಿಲ್ಲಿ.

ಪಂದ್ಯ ಮುಗಿದ ತಕ್ಷಣ ಮನೆಗೆ ಹೊರಡಿಸಬೇಡಿ. ಅಲ್ಲಿ ಮೈದಾನ ಸರಿಮಾಡುವ ಕೆಲಸ ಹುಡುಗರದೇ. ಪ್ರತಿ ಎಸೆತಕ್ಕೂ ಪಿಚರ್‌ನ ಮುಂಗಾಲು ಬಿದ್ದು ಬಿದ್ದು ಮೌಂಡ್‌ನ ಇಳಿಜಾರಿನಲ್ಲಿ ಒಂದು ಗುಂಡಿ ಬಿದ್ದಿರುತ್ತದೆ, ರಬ್ಬರ್ ಪಟ್ಟಿಯ ಮುಂದೆ ಹಿಂಗಾಲು ತಿರುಗಿ ತಿರುಗಿ ಇನ್ನೊಂದು. ಕೆಲವು ವರ್ಷಗಳ ಹಿಂದೆ ನಮ್ಮ ತಂಡದ ಒಬ್ಬ ಸೀನಿಯರ್, ಆ ವರ್ಷ ಅವನಿಗೂ ಹೆಚ್ಚು ಇನ್ನಿಂಗ್ಸ್ ಸಿಕ್ಕಿರಲಿಲ್ಲ, ತವರಿನ ಕೊನೆಯ ಪಂದ್ಯವಾದ ಮೇಲೆ ಮೌಂಡ್ ಕೆಲಸ ನನಗಿರಲಿ ಎಂದ. ಸಡಿಲ ಮಣ್ಣನ್ನು ಗುಡಿಸಿ ತೆಗೆದು, ಮೂಲೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಕೆರೆದು ತೆಗೆದ. ಬಕೆಟ್‌ನಿಂದ ನೀರು ಚಿಮುಕಿಸಿದ. ಜೇಡಿಮಣ್ಣು ತುಂಬಿ, ಚೌಕ ಕಬ್ಬಿಣದ ದಿಮ್ಮಿಯಿಂದ ಬಡಿದ, ಮತ್ತೆ ನೀರು, ಮತ್ತೆ ಮಣ್ಣು. ಎಲ್ಲರೂ ಪಾರ್ಕಿಂಗ್‌ನಲ್ಲಿ ಪಿಜ್ಜಾ ತಿನ್ನುತ್ತಿದ್ದರು. ಮೇಲೆ ಟಾರ್ಪಾಲು ಹೊದಿಸಿ, ನಾಲ್ಕು ಮೂಲೆಗೂ ಮರಳಿನ ಚೀಲ ಇಟ್ಟು, ಗೇಟಿನ ತನಕ ಬಂದವನು ತಿರುಗಿ ಹೋಗಿ ಒಂದು ಚೀಲವನ್ನು ಒಂದು ಗೇಣು ಸರಿಸಿ ಬಂದ. ಅವನ ತಂದೆ ಕಾರಿನ ಕೀಲಿ ಹಿಡಿದು ಬೇಲಿಯ ಹತ್ತಿರ ನಲವತ್ತು ನಿಮಿಷ ನಿಂತಿದ್ದರು. ಒಂದು ಸಲವೂ ಕರೆಯಲಿಲ್ಲ.

ಸೀನಿಯರ್ ಡೇ ಯಾವಾಗ ಎಂದು ಮೊದಲೇ ಗೊತ್ತಿರುತ್ತದೆ. ಕೊನೆಯ ಪಂದ್ಯ ಯಾವುದೆಂದು ಗೊತ್ತಿರುವುದಿಲ್ಲ. ಪ್ಲೇಆಫ್ ತಲುಪಿದರೆ ಅಲ್ಲಿ ಸೋತ ದಿನವೇ ಸೀಸನ್ ಮುಗಿಯಿತು, ಕೊನೆಯ ಪಂದ್ಯ ಗೆದ್ದು ಮುಗಿಸುವುದು ಒಂದು ವಿಭಾಗದಲ್ಲಿ ಒಂದೇ ತಂಡ. ಆ ಸಂಜೆ ಅವನು ತಂಡ ಕೂರುವ ಡಗ್‌ಔಟ್‌ನಲ್ಲಿ ಬೂಟು ಬಿಚ್ಚದೆ ಬಹಳ ಹೊತ್ತು ಕೂರಬಹುದು. ಕೂರಲಿ. ಕಾರಿನಲ್ಲಿ ಪಂದ್ಯದ ಮಾತು ಎತ್ತಬೇಡಿ, "ಪರವಾಗಿಲ್ಲ ಬಿಡು" ಅಂತಲೂ ಬೇಡ. ಅವನಿಗೆ ಪರವಾಗಿದೆ. "ನೀನು ಆಡುವುದನ್ನು ನೋಡೋದು ನನಗೆ ಇಷ್ಟ" ಎಂದು ಒಂದು ಮಾತು ಹೇಳಿ, ಆಮೇಲೆ ಅನ್ನ ಸಾರು ಬಡಿಸಿ.

ಮುಂದೆ ಆಡಬೇಕೆನ್ನಿಸಿದರೆ ದಾರಿಗಳಿವೆ. ಎನ್‌ಸಿಎಎ ತಂಡಗಳಲ್ಲದೆ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ಕ್ಲಬ್ ಬೇಸ್‌ಬಾಲ್ ಇದೆ, ದೇಶದಾದ್ಯಂತ ಅವುಗಳ ನಡುವೆ ಲೀಗ್ ನಡೆಯುತ್ತದೆ. ಬೇಸಿಗೆಯಲ್ಲಿ ಲಿಟಲ್ ಲೀಗ್ ಮಕ್ಕಳಿಗೆ ಅಂಪೈರ್ ಆಗಬಹುದು, ಒಳ್ಳೆಯ ಕೈಖರ್ಚೂ ಆಗುತ್ತದೆ. ಇವೆಲ್ಲ ಜೂನ್ ತಿಂಗಳ ಮಾತು. ಈಗ ಎತ್ತಬೇಡಿ.

ಇನ್ನು ನಿಮ್ಮ ಅತ್ತೆಯವರು. ಶಿವಮೊಗ್ಗದ ಏಪ್ರಿಲ್ ಸೆಕೆಯಿಂದ ಬರುವವರಿಗೆ ಬೇ ಏರಿಯಾದ ಸಂಜೆ ಐದರ ಗಾಳಿ ಮೈ ಕೊರೆಯುತ್ತದೆ. ಶಾಲು, ಕಾಲುಚೀಲ, ಫ್ಲಾಸ್ಕ್‌ನಲ್ಲಿ ಕಾಫಿ ಇರಲಿ. ಶಾಲಾ ಮೈದಾನದ ಕಟ್ಟೆಗೆ ಬೆನ್ನು ಆನಿಸಲು ಜಾಗವಿರುವುದಿಲ್ಲ, ಮಡಚುವ ಕುರ್ಚಿ ಒಯ್ಯಿರಿ. ಬ್ಯಾಟಿಗೆ ತಾಗಿ ಗೆರೆಯಾಚೆ ಹಾರುವ ಫೌಲ್ ಚೆಂಡು ಗುಂಡಿನ ಹಾಗೆ ಬರುತ್ತದೆ, ಆದ್ದರಿಂದ ಬಲೆಯ ಹಿಂದೆಯೇ ಕೂರಿಸಬೇಕು. ಬಲೆಯ ಹಿಂದೆ ಯಾವ ಕಡೆ ಎಂದರೆ, ಮಗ ಯಾವ ಕೈ ಎಂದು ನೀವು ಬರೆದಿಲ್ಲ. ಬಲಗೈ ಆದರೆ ಮೂರನೇ ಬೇಸ್ ಕಡೆಗೆ ಸ್ವಲ್ಪ ಸರಿದು ಕೂರಿಸಿ. ಬೇಸ್‌ನಲ್ಲಿ ಓಟಗಾರರಿದ್ದಾಗ ಬಲಗೈ ಪಿಚರ್ ಎಸೆಯುವ ಮೊದಲು ಆ ಕಡೆಗೇ ಎದೆ ತಿರುಗಿಸಿ, ಎರಡೂ ಕೈ ಹೊಟ್ಟೆಯ ಹತ್ತಿರ ತಂದು, ಒಂದು ಕ್ಷಣ ಅಲುಗದೆ ನಿಲ್ಲಬೇಕು. ಅಲ್ಲಿ ಕೂತವರಿಗೆ ಆಗ ಅವನ ಮುಖ ಪೂರ್ತಿ ಕಾಣುತ್ತದೆ. ಎಡಗೈ ಆದರೆ ಮೊದಲ ಬೇಸ್ ಕಡೆ.